ಮಾಯುವ ಗಾಯಕ್ಕೆ ಯಾವ ಬಣ್ಣ?

ಪ್ರಶ್ನೆ: ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಶಿಯನ್. ಗಾಯ ಮಾಯುವುದನ್ನು ಅಮೂರ್ತ ಚಿತ್ರವಾಗಿ ಬರೆಯಬೇಕೆಂಬ ಆಸೆ. ತಿಳಿ ನೀಲಿ, ಹಸಿರಿನಲ್ಲಿ ಒಂದೆರಡು ಬರೆದೆ. ಎಲ್ಲರೂ ಚೆನ್ನಾಗಿದೆ ಅಂತಾರೆ. ನನಗೆ ಮಾತ್ರ ಅದರಲ್ಲಿ ಜೀವ ಕಾಣುತ್ತಿಲ್ಲ. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಕಣ್ಣನ್ನೇ ನಂಬಿ. ತಿಳಿ ನೀಲಿ, ಹಸಿರು ಹಚ್ಚಿದರೆ ನೆಮ್ಮದಿ ಬರುತ್ತದೆ. ಆದರೆ ಮಾಯುವ ಗಾಯದೊಳಗೆ ನೆಮ್ಮದಿ ಎಲ್ಲಿದೆ? ಅಲ್ಲಿ ನೂಕುನುಗ್ಗಲು. ಸತ್ತದ್ದನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳು, ಹೊಸ ಎಳೆಗಳನ್ನು ಕಟ್ಟುವ, ತುದಿ ಚೂಪಾದ ಉದ್ದನೆಯ ಫೈಬ್ರೊಬ್ಲಾಸ್ಟ್ ಕೋಶಗಳು, ನಡುವೆ ದಾರಿ ಮಾಡಿಕೊಂಡು ಬರುವ ಹೊಸ ರಕ್ತನಾಳಗಳು. ಇದನ್ನೆಲ್ಲ ನೀವು ಸ್ಲೈಡಿನಲ್ಲಿ ನೋಡಿಯೇ ಇರುತ್ತೀರಿ, ಅಲ್ವಾ? ಮೊದಲು ಆ ಗಲಾಟೆಯನ್ನು ಬರೆಯಿರಿ.

ಬಣ್ಣವೂ ನಿಮ್ಮ ಮೇಜಿನ ಮೇಲೇ ಇದೆ. ಸ್ಲೈಡಿಗೆ ಹಾಕುವ ಎರಡು ಬಣ್ಣಗಳು: ಹೆಮಟಾಕ್ಸಿಲಿನ್‌ನ ನೇರಳೆ, ಇಯೋಸಿನ್‌ನ ಗುಲಾಬಿ. ಹೆಮಟಾಕ್ಸಿಲಿನ್ ಸಿಗುವುದು ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ. ಬಟ್ಟೆಗೂ ಅದೇ ಬಣ್ಣ ಹಾಕುತ್ತಿದ್ದರು. ನೀವು ಆಗಲೇ ಬಣ್ಣದ ಕೆಲಸದಲ್ಲೇ ಇದ್ದೀರಿ.

ಹಾಗಂತ ನೀಲಿ ಬಿಡಬೇಕಿಲ್ಲ. ಅಮೂರ್ತ ಚಿತ್ರಕಾರ ಕ್ಯಾಂಡಿನ್‌ಸ್ಕಿ ನಾಜಿಗಳ ಜರ್ಮನಿ ಬಿಟ್ಟು 1933ರ ಕೊನೆಗೆ ಪ್ಯಾರಿಸ್ ಪಕ್ಕಕ್ಕೆ ಬಂದರು. ಅದಕ್ಕೆ ಮುಂಚೆ ಅವರ ಚಿತ್ರಗಳಲ್ಲಿ ವೃತ್ತ, ತ್ರಿಕೋನ ಜಾಸ್ತಿ. ಆಮೇಲೆ ಅಮೀಬಾ, ಭ್ರೂಣದಂಥ ಆಕಾರಗಳು ಬಂದವು. ಜೀವವಿಜ್ಞಾನದ ಪುಸ್ತಕದ ಚಿತ್ರಗಳನ್ನು ಅವರು ಗಮನವಿಟ್ಟು ನೋಡುತ್ತಿದ್ದರು. 1940ರ ‘ಸ್ಕೈ ಬ್ಲೂ’ ಹುಡುಕಿ ನೋಡಿ. ಹಿನ್ನೆಲೆ ಪೂರ್ತಿ ನೀಲಿ. ಆದರೆ ಅದರಲ್ಲಿ ತೇಲುವ ಜೀವಿಗಳು ಒಂದರಂತೆ ಒಂದಿಲ್ಲ. ಒಂದಕ್ಕೂ ಹೆಸರು ಹೇಳಲಾಗದು, ಆದರೂ ಎಲ್ಲವೂ ಜೀವಂತ.

ನನ್ನನ್ನು ಬಹಳ ಹಿಡಿದಿಡುವುದು ಗಾಯದ ಕೊನೆಯ ಹಂತ. ಒಳ್ಳೆಯ ಚರ್ಮದಲ್ಲಿ ಅದಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಬುಟ್ಟಿಯ ಹೆಣಿಗೆಯಂತೆ ಅಡ್ಡಾದಿಡ್ಡಿ. ಗಾಯದ ಗುರುತಿನಲ್ಲಿ ಹೆಚ್ಚಿನವು ಒಂದೇ ದಿಕ್ಕಿಗೆ, ಸಾಲಾಗಿ. ತಿಂಗಳುಗಳು ಕಳೆದರೂ ಆ ಜಾಗಕ್ಕೆ ಮೊದಲಿನ ಶೇಕಡ 80ರಷ್ಟು ಬಲ ಬಂದರೆ ಹೆಚ್ಚು. ಅಲ್ಲಿ ಕೂದಲೂ ಹುಟ್ಟುವುದಿಲ್ಲ. ಮಾಯುವುದೆಂದರೆ ಮೊದಲಿನಂತಾಗುವುದಲ್ಲ. ನಿಮ್ಮ ಚಿತ್ರಕ್ಕೆ ಇಷ್ಟು ಸಾಕು: ಸುತ್ತ ಹೆಣಿಗೆ, ನಡುವೆ ನೇರ ಗೆರೆಗಳ ಒಂದು ಪಟ್ಟಿ. ಜಲವರ್ಣವಾದರೆ ಒದ್ದೆ ಕಾಗದದ ಮೇಲೆ ಗುಲಾಬಿ ಹರಡಲು ಬಿಡಿ. ಪೂರ್ತಿ ಒಣಗಿದ ಮೇಲೆ ಸಣ್ಣ ಬ್ರಷ್‌ನಲ್ಲಿ ಗೆರೆ ಎಳೆಯಿರಿ. ಅವಸರ ಮಾಡಿದರೆ ಗೆರೆ ಕದಡುತ್ತದೆ.

ಒಂದು ಮಾತು. ಸ್ಲೈಡಿನ ಫೋಟೋ ತೆಗೆಯುವುದಾದರೆ ಲ್ಯಾಬ್‌ನ ಡಾಕ್ಟರನ್ನು ಕೇಳಿಯೇ ತೆಗೆಯಿರಿ. ರೋಗಿಯ ಹೆಸರು, ನಂಬರ್ ಎಲ್ಲೂ ಕಾಣಬಾರದು.