ಹಲ್ಲಿನ ಫಿಲ್ಲಿಂಗ್ ಹಳೆಯದಾಗುವವರೆಗೆ ಕಾಯುವುದು

ದಂತವೈದ್ಯ ಪದವಿ ಮುಗಿಸಿ, ಹಲ್ಲಿಗೆ ತುಂಬುವ ವಸ್ತುಗಳ ಬಾಳಿಕೆಯ ಮೇಲೆ ಪಿಎಚ್‌ಡಿ ಮಾಡಲು ಹೊರದೇಶಕ್ಕೆ ಹೊರಟಿದ್ದೀರಿ. ಅಲ್ಲಿ ಬದುಕು ಹೇಗಿರುತ್ತದೆ, ಈ ದಾರಿಯಲ್ಲಿ ನೆಲೆ ಸಿಗುತ್ತದಾ ಅಂತ ಕೇಳಿದ್ದೀರಿ. ನಾನು ಇದೇ ಕೆಲಸಕ್ಕೆ ಬಂದು 18 ವರ್ಷವಾಯಿತು. ನೆಲೆ ಸಿಗುತ್ತದೆ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ವೀಸಾಕ್ಕೂ ಸ್ಟೈಪೆಂಡ್‌ಗೂ ಕೊನೆಯ ದಿನ ಅಂತ ಒಂದಿರುತ್ತದೆ. ಫಿಲ್ಲಿಂಗ್ ಮಾತ್ರ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡೇ ಹಳೆಯದಾಗುವುದು.

ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್, ಅಂಟಿಸಿದ ಮಾರನೇ ದಿನ ಎಷ್ಟು ಗಟ್ಟಿ ಹಿಡಿದಿದೆ ಅಂತ ಎಳೆದು ನೋಡಿದರೆ ಒಳ್ಳೆಯ ಅಂಕಿಯೇ ಬರುತ್ತದೆ. ನಿಜ ಗೊತ್ತಾಗುವುದು ಆಮೇಲೆ. ಹಲ್ಲಿನ ಹೊರಪದರ ಎನಾಮೆಲ್, ಅದರ ಒಳಗಿನದು ಡೆಂಟಿನ್. ಡೆಂಟಿನ್‌ನಲ್ಲಿ ಯಾವಾಗಲೂ ನೀರಿರುತ್ತದೆ. ಆ ನೀರು, ಫಿಲ್ಲಿಂಗನ್ನು ಹಿಡಿದಿಡುವ ಅಂಟಾದ ರೆಸಿನ್ನನ್ನು ನಿಧಾನಕ್ಕೆ ಸಡಿಲ ಮಾಡುತ್ತದೆ. ರೆಸಿನ್ ಪೂರ್ತಿ ಇಳಿಯದ ಕಡೆ ಡೆಂಟಿನ್‌ನ ಕೊಲಾಜನ್ ಎಂಬ ಪ್ರೋಟೀನ್ ಎಳೆಗಳು ಬರಿದಾಗಿ ಉಳಿಯುತ್ತವೆ. ಡೆಂಟಿನ್‌ನಲ್ಲೇ ಇರುವ ಎಂಎಂಪಿ ಎಂಬ, ಪ್ರೋಟೀನ್ ಒಡೆಯುವ ಕಿಣ್ವಗಳು ಅವನ್ನು ಕೊರೆಯುತ್ತಾ ಹೋಗುತ್ತವೆ. 1955ರಲ್ಲಿ ಅಮೆರಿಕದ ದಂತವೈದ್ಯ ಬುವೊನೊಕೋರ್ ಎನಾಮೆಲ್‌ಗೆ ಆಸಿಡ್ ಹಚ್ಚಿ ಅಂಟಿಸುವುದನ್ನು ತೋರಿಸಿಕೊಟ್ಟರು. ಎನಾಮೆಲ್ ಮಟ್ಟಿಗೆ ಅದು ಇವತ್ತಿಗೂ ಗಟ್ಟಿ. ಡೆಂಟಿನ್ ಜೊತೆ ನಾವು ಇನ್ನೂ ಗುದ್ದಾಡುತ್ತಲೇ ಇದ್ದೇವೆ. ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿರುವುದೂ ಅದೇ.

ಹಾಗಾಗಿ ಕಿತ್ತ ಹಲ್ಲಿಗೆ ಫಿಲ್ಲಿಂಗ್ ಅಂಟಿಸಿದ ಸ್ಯಾಂಪಲ್‌ಗಳನ್ನು 37 ಡಿಗ್ರಿ ನೀರಿನಲ್ಲಿ ಆರು ತಿಂಗಳು, ವರ್ಷ ಅಂತ ಇಡುತ್ತೇವೆ. ಅವಸರಕ್ಕೆ ಥರ್ಮೋಸೈಕ್ಲಿಂಗ್ ಇದೆ. 5 ಡಿಗ್ರಿ ನೀರು, 55 ಡಿಗ್ರಿ ನೀರು, ಹೀಗೆ ಮತ್ತೆ ಮತ್ತೆ ಅದ್ದುವುದು. 10,000 ಸುತ್ತಾದರೆ ಬಾಯಲ್ಲಿ ಸುಮಾರು ಒಂದು ವರ್ಷ ಅಂತ ಲೆಕ್ಕ ಹಿಡಿಯುತ್ತಾರೆ. ಅದು ಅಂದಾಜು. ಇಡೀ ಥೀಸಿಸ್ಸನ್ನು ಅದೊಂದರ ಮೇಲೆ ನಿಲ್ಲಿಸಬೇಡಿ.

ನನ್ನ ಎರಡನೇ ವರ್ಷ, ರಜೆಯ ವಾರದಲ್ಲಿ, ಸ್ಯಾಂಪಲ್‌ಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಕೆಟ್ಟು ಬಿಸಿ ಏರಿತು. ಬಂದು ನೋಡಿದರೆ ಡಬ್ಬಿಗಳ ನೀರೆಲ್ಲ ಆರಿತ್ತು. ಎಂಟು ತಿಂಗಳ ಸ್ಯಾಂಪಲ್ ಹೋಯಿತು. ವೀಸಾ ಮುಗಿಯಲು ಇದ್ದದ್ದು 14 ತಿಂಗಳು. ಲ್ಯಾಬಿನಲ್ಲೇ ಕೂತು ಅತ್ತೆ. ಮನೆಗೆ ಫೋನ್ ಮಾಡಿದರೆ, ಏನು ಕಳೆದುಕೊಂಡೆ ಅಂತ ಅವರಿಗೆ ಅರ್ಥ ಮಾಡಿಸಲು ಆಗಲಿಲ್ಲ. ಅರ್ಥವಾಗಿದ್ದು ಪಕ್ಕದ ಬೆಂಚಿನಲ್ಲಿ ಪಾಲಿಮರ್ ಕೆಲಸ ಮಾಡುತ್ತಿದ್ದ ಹುಡುಗನಿಗೆ. ಮಾರನೇ ದಿನ ಹೊಸ ಹಲ್ಲು ಕತ್ತರಿಸಲು ಅವನೂ ಬಂದು ಕೂತ. ಹೊಸದರಲ್ಲಿ ನಮ್ಮ ಭಾಷೆಯವರನ್ನು ಹುಡುಕಿ, ತಪ್ಪಿಲ್ಲ. ಆದರೆ ಮಧ್ಯಾಹ್ನದ ಊಟ ಲ್ಯಾಬಿನವರ ಜೊತೆ ಮಾಡಿ. ಕಷ್ಟಕ್ಕೆ ಆಗುವವರು ಜಾಸ್ತಿ ಅಲ್ಲೇ ಇರುತ್ತಾರೆ.

ಕಿತ್ತ ಹಲ್ಲನ್ನು ಸುಮ್ನೆ ತಂದು ಬಳಸುವ ಹಾಗಿಲ್ಲ, ಎಥಿಕ್ಸ್ ಅನುಮತಿ ಬೇಕು. ಅದಕ್ಕೇ ತಿಂಗಳುಗಳು ಹಿಡಿಯಬಹುದು. ಹೋದ ಕೂಡಲೇ ಅರ್ಜಿ ಹಾಕಿ. ಮೊದಲ ವರ್ಷ ಮುಗಿಯುವುದರೊಳಗೆ ಒಂದು ಬ್ಯಾಚ್ ನೀರಿಗೆ ಇಳಿದಿರಲಿ, ಎರಡು ಇನ್‌ಕ್ಯುಬೇಟರ್‌ಗೆ ಹಂಚಿ ಇಡಿ.

ಇನ್ನೊಂದು. ಪಿಎಚ್‌ಡಿ ಆದರೆ ಅಲ್ಲೇ ರೋಗಿಗಳನ್ನು ನೋಡಬಹುದು ಅಂತ ತುಂಬ ಜನ ನಂಬಿ ಬರುತ್ತಾರೆ. ಬಹುತೇಕ ದೇಶಗಳಲ್ಲಿ ಅದಕ್ಕೆ ಲೈಸೆನ್ಸ್ ಬೇರೆ, ಪರೀಕ್ಷೆಯೂ ಬೇರೆ. ಎರಡನ್ನೂ ಒಟ್ಟಿಗೆ ಮಾಡಲು ಹೋದವರು ಬಳಲಿದ್ದನ್ನು ಕಂಡಿದ್ದೇನೆ. ನಾನು ಕ್ಲಿನಿಕ್ ಬಿಟ್ಟೆ. ಕೆಲವು ವರ್ಷ ಅದು ನೋಯಿಸಿತು.

ಗೈಡ್ ಆಗುವವರನ್ನು ಈಗಲೇ ಕೇಳಿ: ಹಣ ಎಷ್ಟು ವರ್ಷಕ್ಕಿದೆ? ಅಷ್ಟರಲ್ಲಿ ಏಜಿಂಗ್, ಅಂದರೆ ಸ್ಯಾಂಪಲ್ ಹಳೆಯದಾಗುವುದು, ಮುಗಿಯದಿದ್ದರೆ ಏನು ಮಾಡುತ್ತೀರಿ? ಅವರ ಉತ್ತರ ಬಂದ ಮೇಲೆ ನನಗೂ ತಿಳಿಸಿ. ತಿಂಗಳುಗಳನ್ನು ಕೂಡಿ ಕಳೆದು ನೋಡೋಣ.