ಸೀಟಿನ ಕೆಳಗಿನ ವೆಲ್ಡಿಂಗ್ ವಿಷಯ ಹೇಳಬೇಕಾ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಹೋಂಡಾ ರೆಬೆಲ್ 250 ತಗೊಂಡೆ. ನನ್ನ ಮೊದಲ ಬೈಕು. ನಾನು ಕುಳ್ಳಿ, ಎರಡೂ ಕಾಲು ಪೂರ್ತಿ ನೆಲಕ್ಕೆ ಊರೋಕೆ ಸಿಕ್ಕಿದ್ದು ಇದೊಂದರಲ್ಲೇ. ಆಮೇಲೆ ಅದನ್ನ ಬಾಬರ್, ಅಂದರೆ ಹೆಚ್ಚಿನ ಸಾಮಾನೆಲ್ಲ ಕಿತ್ತು ಮೋಟು ಮಾಡಿದ ಬೈಕು, ಮಾಡೋ ಹುಚ್ಚು ಹಿಡಿಯಿತು. ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಸೀಟಿನ ಹಿಂದೆ ಚಾಚಿಕೊಂಡಿದ್ದ ಫ್ರೇಮ್ ಕೊಯ್ಸಿ ವೆಲ್ಡ್ ಮಾಡಿಸಿದೆ. ಒಂಟಿ ಸೀಟು, ಎತ್ತರದ ಹ್ಯಾಂಡಲ್, ಮೋಟು ಸೈಲೆನ್ಸರ್, ಪಾಡ್ ಫಿಲ್ಟರ್ (ಡಬ್ಬ ಇಲ್ಲದೆ ನೇರ ಕಾರ್ಬುರೇಟರ್‌ಗೆ ಸಿಕ್ಕಿಸುವ ಏರ್ ಫಿಲ್ಟರ್) ಎಲ್ಲಾ ಹಾಕಿಸಿದೆ. ಗಾಡಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ದುಡ್ಡು ಇದಕ್ಕೇ ಹೋಯಿತು. ಈಗ ದೊಡ್ಡ ಬೈಕು ತಗೋಬೇಕು ಅಂತ ಇದನ್ನ ಮಾರಲು ಹೊರಟರೆ, ನೋಡೋಕೆ ಬಂದವರೆಲ್ಲ ಮಾಮೂಲಿ ರೆಬೆಲ್‌ಗಿಂತ ಕಮ್ಮಿ ಕೇಳುತ್ತಾರೆ. ನನ್ನ ಶ್ರಮಕ್ಕೆ ಬೆಲೆನೇ ಇಲ್ವಾ? ನನ್ನ ಸಹೋದ್ಯೋಗಿಯ ಮಗ, ಈಗಷ್ಟೇ ಗಾಡಿ ಕಲಿತವನು, ನಾನು ಹೇಳಿದ ರೇಟಿಗೇ ಒಪ್ಪಿದ್ದಾನೆ. ಅವನಿಗೆ ವೆಲ್ಡಿಂಗ್ ವಿಷಯ ಗೊತ್ತಿಲ್ಲ. ‘ಅವನು ಕೇಳಿದ್ರೆ ಹೇಳು, ಇಲ್ಲಾಂದ್ರೆ ಸುಮ್ನಿರು’ ಅನ್ನುತ್ತಾನೆ ನನ್ನ ತಮ್ಮ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಹೇಳಿ. ಅವನ ದುಡ್ಡು ಮುಟ್ಟುವ ಮೊದಲು ಹೇಳಿ.

ನಿಮ್ಮ ತಮ್ಮ ಕೆಟ್ಟವನಲ್ಲ, ನಿಮಗೆ ನಷ್ಟ ಆಗಬಾರದು ಅಂತ ಅವನ ಆಸೆ. ಆದರೆ ಕೇಳಿದರೆ ಹೇಳೋಣ ಅನ್ನೋ ಲೆಕ್ಕ ಈ ಹುಡುಗನ ವಿಷಯದಲ್ಲಿ ನಡೆಯಲ್ಲ. ಏನು ಕೇಳಬೇಕು ಅಂತಲೇ ಅವನಿಗೆ ಗೊತ್ತಿಲ್ಲವಲ್ಲ! ಹತ್ತು ಗಾಡಿ ಓಡಿಸಿದವರಾದರೆ ಹಿಂದಿನ ಚಕ್ರ ಒಂಚೂರು ಅಲುಗಿದರೂ ಏನೋ ಸರಿ ಇಲ್ಲ ಅಂತ ನಿಲ್ಲಿಸುತ್ತಾರೆ. ಇವನು ಬೈಕು ಅಂದರೆ ಹೀಗೇ ಇರುತ್ತೆ ಅಂದುಕೊಂಡು ಇನ್ನೂ ಜೋರಾಗಿ ಓಡಿಸುತ್ತಾನೆ. ನಿಮ್ಮ ನಿದ್ದೆ ಕೆಡಿಸಿರೋದೂ ಇದೇ ಅಂತ ನನಗನ್ನಿಸುತ್ತದೆ.

ಹುಡುಗನಿಗೆ ಹೇಳುವ ಮೊದಲು ಆ ವೆಲ್ಡಿಂಗ್ ಹೇಗಿದೆ ಅಂತ ನೀವೇ ತಿಳಿದುಕೊಳ್ಳಬೇಕು. ಸೀಟು ಬಿಚ್ಚಿ, ಬೆಳಕು ಹಿಡಿದು, ಬೆರಳಾಡಿಸಿ ನೋಡಿ. ಬೆಸುಗೆಯ ಅಂಚಿನಲ್ಲಿ ಪೇಂಟ್ ಕೂದಲೆಳೆಯಷ್ಟು ಬಿರಿದಿದ್ದರೆ, ಅಥವಾ ಅಲ್ಲೊಂದು ತೆಳು ತುಕ್ಕಿನ ಗೆರೆ ಇದ್ದರೆ, ಒಳಗೆ ಕಬ್ಬಿಣ ಬಿರುಕು ಬಿಡುತ್ತಿರಬಹುದು. ಶಾಕ್ ಅಬ್ಸಾರ್ಬರ್‌ನ ಮೇಲಿನ ಬೋಲ್ಟ್ ಇದೆಯಲ್ಲ, ಕೊಯ್ದ ಜಾಗ ಅದಕ್ಕಿಂತ ಸಾಕಷ್ಟು ಹಿಂದಿದ್ದರೆ ಅಲ್ಲಿ ಬೀಳುವ ಭಾರ ಕಮ್ಮಿ. ಬೋಲ್ಟಿನ ಹತ್ತಿರವೋ ಅದಕ್ಕಿಂತ ಮುಂದೆಯೋ ಬಂದಿದ್ದರೆ, ಪ್ರತಿ ಗುಂಡಿಗೂ ಸವಾರನ ತೂಕದ ಹೊಡೆತ ಆ ಬೆಸುಗೆ ಮೇಲೇ ಬೀಳುತ್ತದೆ. ಫ್ರೇಮ್ ಕೆಲಸ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ತೋರಿಸಿ. ವೆಲ್ಡ್ ಮಾಡಿದವರ ಹತ್ತಿರವೇ ಹೋಗಬೇಡಿ, ಅವರು ತಮ್ಮ ಕೆಲಸ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಇದು ಸರಿ ಇಲ್ಲ ಅಂತ ಮೆಕ್ಯಾನಿಕ್ ಹೇಳಿದರೆ, ಸರಿಯಾಗಿ ರಿಪೇರಿ ಆಗುವವರೆಗೆ ಓಡುವ ಗಾಡಿ ಅಂತ ಯಾರಿಗೂ ಮಾರಬೇಡಿ. ರಿಪೇರಿ ಆಗದಿದ್ದರೆ ಎಂಜಿನ್, ಟ್ಯಾಂಕು, ಚಕ್ರ ಅಂತ ಬಿಡಿಬಿಡಿಯಾಗಿ ಮಾರಿಬಿಡಿ.

ನನ್ನದೇ ಒಂದು ವಿಷಯ ಹೇಳುತ್ತೇನೆ. ಎಷ್ಟೋ ವರ್ಷದ ಹಿಂದೆ ನಾನೂ ನಿಮ್ಮ ರೆಬೆಲ್ ಥರದ್ದೇ ಒಂದು ಸಣ್ಣ ಕ್ರೂಸರ್ (ತಗ್ಗಿನ ಸೀಟಿನ, ಆರಾಮಾಗಿ ಕೂತು ಓಡಿಸುವ ಬೈಕು) ಕೊಂಡಿದ್ದೆ, ಅದಕ್ಕೂ ನಿಮ್ಮದರ ಹಾಗೇ ಎತ್ತರದ ಹ್ಯಾಂಡಲ್. ಹ್ಯಾಂಡಲ್ ಎತ್ತರಿಸಿದಾಗ ಸ್ವಿಚ್ಚಿನ ವೈರುಗಳು ಸಾಲದೆ, ಮಾರಿದವರು ಟ್ಯಾಂಕಿನ ಕೆಳಗೆ ತುಂಡು ವೈರು ಜೋಡಿಸಿ ಟೇಪು ಸುತ್ತಿದ್ದರು. ನನಗೆ ಹೇಳಿರಲಿಲ್ಲ. ಒಂದು ರಾತ್ರಿ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ ಕೂಡಲೇ ಹೆಡ್‌ಲೈಟ್ ಆರಿಹೋಯಿತು. ಎದುರಿಗೆ ಯಾರೂ ಬರುತ್ತಿರಲಿಲ್ಲ, ಬದುಕಿಕೊಂಡೆ. ಆ ಕತ್ತಲು ನನಗೆ ಇವತ್ತಿಗೂ ಮರೆತಿಲ್ಲ, ಅದಕ್ಕೇ ಈ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ನಿಮ್ಮ ಗಾಡಿಯ ವೈರು, ಕೇಬಲ್ಲು ಕೂಡ ನೋಡಿಸಿ. ಎಂಜಿನ್ ಆನ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲ್‌ನ ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ತಾನಾಗೇ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಮುಂದಿನ ಬ್ರೇಕಿನ ಹೋಸ್ ಬಿಗಿಯಾಗುತ್ತಾ ಅಂತಲೂ ನೋಡಿ.

ಈಗ ದುಡ್ಡಿನ ಮಾತು. ನಿಮಗೆ ಬೇಜಾರಾಗಿದೆ, ಸಹಜ. ರಜಾ ದಿನಗಳೆಲ್ಲ ಅದರ ಮುಂದೆ ಕೂತು ಕಳೆದವರಿಗೆ ‘ಇಷ್ಟೇನಾ?’ ಅನ್ನಿಸದೆ ಇರುತ್ತಾ? ಆದರೆ ಬಂದವರು ನಿಮ್ಮ ಶ್ರಮವನ್ನು ಅಳೆಯುತ್ತಿಲ್ಲ, ಇದನ್ನ ಮತ್ತೆ ಮೊದಲಿನ ಹಾಗೆ ಮಾಡಿಸೋಕೆ ತಮಗೆ ಎಷ್ಟು ಖರ್ಚಾಗುತ್ತೆ ಅಂತ ಲೆಕ್ಕ ಹಾಕುತ್ತಿದ್ದಾರೆ. ಸಣ್ಣ ಕ್ರೂಸರ್ ಹುಡುಕಿಕೊಂಡು ಬರುವವರು ಯಾರು ಹೇಳಿ? ಹೊಸದಾಗಿ ಕಲಿತವರು, ಎತ್ತರ ಕಮ್ಮಿ ಇರುವವರು, ಬಹಳ ವರ್ಷದ ಮೇಲೆ ಮತ್ತೆ ಬೈಕು ಹತ್ತುವವರು. ನಾಲ್ಕು ವರ್ಷದ ಹಿಂದೆ ನೀವು ಇದ್ದ ಹಾಗೆ ಇರುವವರು. ಅವರಿಗೆ ಬೇಕಾಗಿರೋದು ತಗ್ಗಿನ ಸೀಟು, ಹೇಳಿದ ಮಾತು ಕೇಳೋ ಎಂಜಿನ್, ಹಿಂದೆ ಇನ್ನೊಬ್ಬರು ಕೂರೋಕೆ ಜಾಗ. 1985ರಲ್ಲಿ ಬಂದ ಈ 234 ಸಿಸಿ, ಎರಡು ಸಿಲಿಂಡರಿನ ಗಾಡಿ 2016ರವರೆಗೆ ಹೆಚ್ಚು ಬದಲಾಗದೆ ನಡೆದಿದ್ದು ಅದಕ್ಕೇ. ಕಲಿಯುವವರಿಗೆ ಅದು ಹಾಗೇ ಸಾಕಿತ್ತು. ನಿಮ್ಮ ಬಾಬರ್ ನಿಮ್ಮ ಅಳತೆಗೆ ಹೊಲಿಸಿದ ಬಟ್ಟೆ ಇದ್ದ ಹಾಗೆ, ಇನ್ನೊಬ್ಬರ ಮೈಗೆ ಸರಿಹೊಂದಲ್ಲ ಅಂದ ಮಾತ್ರಕ್ಕೆ ಹೊಲಿಗೆ ಕೆಟ್ಟದ್ದೇನಲ್ಲ. ಆ ದುಡ್ಡಿನ ಸುಖ ನಾಲ್ಕು ವರ್ಷ ನೀವು ಪಟ್ಟಿದ್ದೀರಿ. ಅದನ್ನ ಈ ಹುಡುಗನ ಹತ್ತಿರ ವಾಪಸ್ ಕೇಳೋದು ಬೇಡ.

ಪಾಡ್ ಫಿಲ್ಟರ್ ಮತ್ತು ಸೈಲೆನ್ಸರ್ ಹಾಕಿಸಿದಾಗ ಕಾರ್ಬುರೇಟರ್ ಜೆಟ್ (ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಬದಲಿಸಿದ್ರಾ? ನೀವು ಬರೆದಿಲ್ಲ. ಬದಲಿಸದಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗಿ ಎಂಜಿನ್ ಬಿಸಿಯಾಗಿ ಓಡುತ್ತಿರುತ್ತದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರ್‌ನಲ್ಲಿ ಪಟ್ ಪಟ್ ಅನ್ನೋದು, ಆಕ್ಸಿಲರೇಟರ್ ಒಮ್ಮೆಲೇ ತಿರುವಿದರೆ ಗಾಡಿ ಮುಗ್ಗರಿಸೋದು, ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗಿರೋದು, ಇವೆಲ್ಲ ಅದರ ಗುರುತು. ಗೊತ್ತಿರುವವರು ಬಂದು ಆ ಸದ್ದು ಕೇಳಿದರೆ, ಎಂಜಿನ್ ಒಳಗೆ ಇನ್ನೇನಾಗಿದೆಯೋ ಅಂತ ಹೆದರಿ ರೇಟು ಇಳಿಸುತ್ತಾರೆ. ನಿಮಗೆ ಕಮ್ಮಿ ಕೇಳಿದ್ದಕ್ಕೆ ಇದೂ ಒಂದು ಕಾರಣ ಇದ್ದೀತು.

ಹಳೆ ಪಾರ್ಟ್ಸ್ ಇಟ್ಟುಕೊಂಡಿದ್ದೀರಿ ಅಂದುಕೊಳ್ಳುತ್ತೇನೆ. ಇದ್ದರೆ ಹ್ಯಾಂಡಲ್, ಸೈಲೆನ್ಸರ್, ಏರ್ ಫಿಲ್ಟರ್ ಡಬ್ಬ ಮೂರನ್ನೂ ವಾಪಸ್ ಹಾಕಿಸಿ, ಬೋಲ್ಟ್ ಬಿಚ್ಚಿ ಕೂರಿಸುವ ಕೆಲಸ ಅಷ್ಟೇ. ಇಲ್ಲದಿದ್ದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ, ಇಷ್ಟು ವರ್ಷ ಓಡಿದ ಮಾದರಿಗೆ ಸಿಗೋದು ಅಷ್ಟೇನೂ ಕಷ್ಟ ಅಲ್ಲ. ಬಿಚ್ಚಿದ ಬಾಬರ್ ಸಾಮಾನನ್ನು ಬೇರೆಯಾಗೇ ಮಾರಿ. ಗಾಡಿ ಜೊತೆ ಕೊಟ್ಟರೆ ಅದಕ್ಕೆ ಬೆಲೆ ಬರಲ್ಲ, ಅದೇ ಸಾಮಾನು ಬೇಕು ಅಂತ ಹುಡುಕುತ್ತಿರುವವರಿಗೆ ಕೊಟ್ಟರೆ ಒಂದಿಷ್ಟು ಬರುತ್ತದೆ. ಕೊಯ್ದ ಫ್ರೇಮ್ ಮಾತ್ರ ವಾಪಸ್ ಬರಲ್ಲ. ಅದಕ್ಕೆ ಎಷ್ಟು ಕಳೆಯಬೇಕೋ ಅಷ್ಟು ಕಳೆದೇ ರೇಟು ಹೇಳಿ.

ಹುಡುಗನಿಗೆ ಹೇಳುವಾಗ ಸುತ್ತಿಬಳಸಬೇಡಿ. ‘ನೋಡಪ್ಪ, ಇಲ್ಲಿ ಫ್ರೇಮ್ ಕೊಯ್ಸಿದ್ದೀನಿ, ಮೆಕ್ಯಾನಿಕ್ ಹೀಗೆ ಹೇಳಿದ್ದಾರೆ, ಹಿಂದೆ ಯಾರನ್ನೂ ಕೂರಿಸೋ ಹಾಗಿಲ್ಲ, ನಾನು ಮೊದಲು ಹೇಳಿದ ರೇಟು ಜಾಸ್ತಿ ಆಯ್ತು’ ಅನ್ನಿ. ಅವನ ಮನೆಯವರೂ ಜೊತೆಗಿರಲಿ. ನಿಮ್ಮ ಸಹೋದ್ಯೋಗಿಯ ಮುಖವನ್ನು ನೀವು ದಿನಾ ನೋಡಬೇಕು, ಅಲ್ವಾ? ಹುಡುಗ ಬೇಡ ಅಂದರೆ ಬೇಡ. ಬೇಕು ಅಂದರೆ ಇದೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಗಾಡಿ ಅವನ ಹೆಸರಿಗೆ ಆಗುವವರೆಗೆ ಕೀ ಕೊಡಬೇಡಿ.

ಅವನು ನೋಡೋಕೆ ಬರೋ ದಿನ ಎಂಜಿನ್ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಡಬೇಡಿ, ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತೆ ಅಂತ ಅವನೇ ನೋಡಲಿ. ಸೀಟು ಮಾತ್ರ ಮೊದಲೇ ಬಿಚ್ಚಿಡಿ. ಬಂದ ಕೂಡಲೇ ಟಾರ್ಚ್ ಅವನ ಕೈಗೆ ಕೊಡಿ.