ಚಿನ್ನದ ಕಣ ಬೆಳಕನ್ನು ನುಂಗುತ್ತದೆಯೋ, ಹೆಚ್ಚಿಸುತ್ತದೆಯೋ?

ಪ್ರಶ್ನೆ: ಲೋಹದ ಹತ್ತಿರ ಪ್ರತಿದೀಪ್ತಿ (ಬೆಳಕು ಹೀರಿದ ಅಣು ಬೇರೆ ಬಣ್ಣದಲ್ಲಿ ಹೊರಸೂಸುವ ಹೊಳಪು) ಆರಿಹೋಗುತ್ತದೆ ಎಂದು ನಮಗೆ ಪಾಠವಾಗಿದೆ. ಚಿನ್ನದ ನ್ಯಾನೋಕಣ ಇಟ್ಟರೆ ಒಂಟಿ ಅಣುವಿನ ಬೆಳಕೂ, ಅಣುವಿನಿಂದ ಅಣುವಿಗೆ ಶಕ್ತಿ ದಾಟುವ ‘ಫ್ರೆಟ್’ ಕೂಡ ಹೆಚ್ಚುತ್ತದೆ ಎಂದು ಈಚೆಗೆ ಓದಿದೆ. ಯಾವುದು ಸರಿ?
– ಬಿ.ಎಸ್ಸಿ. ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಬೆಳಕಿನ ಮಟ್ಟಿಗೆ ಎರಡೂ ಸರಿ. ಫ್ರೆಟ್ ವಿಷಯದಲ್ಲಿ ಸ್ವಲ್ಪ ತಡೆದು ಯೋಚಿಸಬೇಕು.

ಮೊದಲು ಒಂದು ಪ್ರಯೋಗ ಮಾಡಿ. ಹಿತ್ತಲಿನ ಹಸಿರು ಎಲೆಯನ್ನು (ಕೊಡಗಿನಲ್ಲಿ ಕಕ್ಕಡ ತಿಂಗಳಲ್ಲಿ ತಿನ್ನುವ ಮದ್ದುಸೊಪ್ಪು ಬೇಡ, ಅದರ ನೇರಳೆ ರಸ ಅಡ್ಡ ಬರುತ್ತದೆ) ಅರೆದು, ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿ. ಕತ್ತಲಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಬಿಡಿ. ಹಸಿರು ರಸ ಕೆಂಪಗೆ ಹೊಳೆಯುತ್ತದೆ! ಗಿಡದಲ್ಲೇ ಇರುವ ಎಲೆಯಲ್ಲಿ ಆ ಕೆಂಪು ಕಾಣುವುದೇ ಕಷ್ಟ. ಅಲ್ಲಿ ಒಂದು ಪತ್ರಹರಿತ್ತಿನ ಅಣು ಹೀರಿದ ಶಕ್ತಿ, ಬೆಳಕಾಗಿ ಹೊರಬೀಳುವ ಮೊದಲೇ ಪಕ್ಕದ ಅಣುವಿಗೆ ದಾಟಿಬಿಡುತ್ತದೆ.

ಇಂಥ ದಾಟುವಿಕೆಯ ಲೆಕ್ಕ ಕೊಟ್ಟವರು ಜರ್ಮನಿಯ ಥಿಯೋಡರ್ ಫಾರ್‌ಸ್ಟರ್, 1940ರ ದಶಕದಲ್ಲಿ. ಅಂತರ ಎರಡು ಪಟ್ಟಾದರೆ ದಾಟುವ ವೇಗ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ಫ್ರೆಟ್, ಸುಮಾರು 2ರಿಂದ 10 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್) ಅಂತರ ಅಳೆಯುವ ಕೋಲು.

ಒಂಟಿ ಅಣುವಿನ ಬೆಳಕು ತೀರಾ ಮಂಕು. ಚಿನ್ನದ ಕಣ ಅಲ್ಲಿ ನೆರವಿಗೆ ಬರುತ್ತದೆ. ಬೆಳಕು ಬಿದ್ದಾಗ ಕಣದ ಎಲೆಕ್ಟ್ರಾನುಗಳು ಒಟ್ಟಾಗಿ ತೊನೆದಾಡಿ, ಅದರ ಮೈಸುತ್ತ ವಿದ್ಯುತ್ ಕ್ಷೇತ್ರವನ್ನು ಬಲಪಡಿಸುತ್ತವೆ. ಆದರೆ ಹೊಳೆಯುವ ಬಣ್ಣದ ಅಣು ಒಂದೆರಡು ನ್ಯಾನೋಮೀಟರ್‌ನಷ್ಟು ಹತ್ತಿರ ಬಂದರೆ ಅದರ ಶಕ್ತಿ ಲೋಹದಲ್ಲಿ ಶಾಖವಾಗಿ ಹೋಗುತ್ತದೆ. ನಿಮ್ಮ ಪಾಠ ಹೇಳಿದ್ದು ಇದನ್ನೇ. ಸ್ವಲ್ಪ ದೂರ ಸರಿದರೆ ಆ ಬಲವಾದ ಕ್ಷೇತ್ರದಿಂದ ಹೊಳಪು ಏರುತ್ತದೆ. 2012ರಲ್ಲಿ ಡಿಎನ್ಎ ಮಡಚಿ ಮಾಡಿದ ಕಂಬಕ್ಕೆ 100 ನ್ಯಾನೋಮೀಟರಿನ ಎರಡು ಚಿನ್ನದ ಕಣ ಅಂಟಿಸಿ, ನಡುವಿನ 23 ನ್ಯಾನೋಮೀಟರ್ ಸಂದಿಯಲ್ಲಿ ಅಣು ಇಟ್ಟಾಗ ಹೊಳಪು 117 ಪಟ್ಟಿನವರೆಗೂ ಏರಿತು. ಅಷ್ಟು ಕರಾರುವಾಕ್ಕಾಗಿ ಅಣುವನ್ನು ಕೂರಿಸಿದ ಕೈಚಳಕ ನನಗೆ ಇಂದಿಗೂ ಬೆರಗು.

ಆದರೆ ಹೊಳಪು ಏರಿದರೆ ಫ್ರೆಟ್ ಏರಿತೆಂದು ಬರೆದುಬಿಡಬೇಡಿ. ಲೋಹ, ಶಕ್ತಿ ಕೊಡುವ ಅಣುವಿನ ಸ್ವಂತ ಹೊರಸೂಸುವಿಕೆಯನ್ನೂ ಚುರುಕುಗೊಳಿಸುತ್ತದೆ. ಪಕ್ಕದ ಅಣುವಿಗೆ ದಾಟುವ ವೇಗ ಅದಕ್ಕೆ ಸಮನಾಗಿ ಏರದಿದ್ದರೆ ಫ್ರೆಟ್ ದಕ್ಷತೆ, ಅಂದರೆ ಹೀರಿದ ಶಕ್ತಿಯಲ್ಲಿ ಪಕ್ಕದ ಅಣುವಿಗೆ ದಾಟುವ ಪಾಲು, ಇಳಿಯಲೂಬಹುದು. ಲೋಹವಿಲ್ಲದ ಕಡೆಯ ಸೂತ್ರದಿಂದ ಅಂತರ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ. ಅದೇ ಲೋಹದ ಬಳಿ, ಶಕ್ತಿ ಪಡೆಯುವ ಅಣು ಇದ್ದಾಗಲೂ ಇಲ್ಲದಾಗಲೂ, ಕೊಡುವ ಅಣುವಿನ ಪ್ರತಿದೀಪ್ತಿಯ ಆಯುಷ್ಯವನ್ನು (ಹೀರಿದ ಶಕ್ತಿ ಅಣುವಿನಲ್ಲಿ ಸರಾಸರಿ ಉಳಿಯುವ ಹೊತ್ತನ್ನು) ಅಳೆದು ಹೋಲಿಸಬೇಕು.